ಮದುವೆಗೆ, ಮನೆಗೆ, ಎಮ್ಮೆಗೆ

ಬೋರೇಗೌಡರ ಕಣ್ಣಿಗೆ ಬಿದ್ದ ಯಾವ ವಸ್ತುವೂ ದರ್ಜೆ ಹಾಕಿಸಿಕೊಳ್ಳದೆ ಮುಂದೆ ಹೋದದ್ದಿಲ್ಲ. ದರ್ಜೆಗಳು ಇದ್ದದ್ದು ಮೂರೇ: ಮದುವೆಗೆ, ಮನೆಗೆ, ಎಮ್ಮೆಗೆ. ಇದು ಬೆಲ್ಲದ ಲೆಕ್ಕ. ಚಿನ್ನದ ಬಣ್ಣದ ಅಚ್ಚು ಮದುವೆಮನೆಗೆ, ಕೊಂಚ ಕಪ್ಪಗಿದ್ದರೂ ರುಚಿಯಾದದ್ದು ದಿನಬಳಕೆಗೆ, ಪಾಕ ಕೆಟ್ಟದ್ದು ಕರು ಹಾಕಿದ ಎಮ್ಮೆಗೆ. ಮದ್ದೂರಿನ ಮಂಡಿಯಲ್ಲಿ ಬೆಲ್ಲದ ತಕರಾರು ಬಂದರೆ ಗೌಡರಿಗೆ ಗಾಡಿ ಕಳಿಸುತ್ತಿದ್ದರು. ಅವರು ಅಚ್ಚು ಮುರಿದು, ಮುರಿದ ಸದ್ದು ಕೇಳಿ, ಚೂರೊಂದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆದು "ಮನೆಗೆ" ಎಂದರೆ ಮುಗಿಯಿತು, ಕೊಳ್ಳುವವನೂ ಮಾರುವವನೂ ಎದುರಾಡುತ್ತಿರಲಿಲ್ಲ.

ಬೆಲ್ಲಕ್ಕೆ ಹಾಕಿದ್ದನ್ನೇ ಎತ್ತಿಗೂ, ಚಪ್ಪಲಿಗೂ, ಗಂಡು ನೋಡಲು ಹೋದ ಕಡೆ ಗಂಡಿಗೂ ಹಾಕುತ್ತಿದ್ದರು. ಒಮ್ಮೆ ನಮ್ಮ ಶಾಲೆಯ ತನಿಖೆಗೆ ಇನ್‌ಸ್ಪೆಕ್ಟರು ಬಂದು ಹೋದರು. ಅವರ ಬೆನ್ನು ಮರೆಯಾಗುವುದನ್ನೇ ಕಾದಿದ್ದು ಗೌಡರು, "ಕೋಟು ಮದ್ವೆಗೆ ಕಣ್ ಮೇಷ್ಟ್ರೇ, ಒಳಗಿರೋದು ಎಮ್ಮೆಗೆ" ಅಂದರು. ಇಂಥವರು ನನಗೆ ಯಾವ ದರ್ಜೆ ಹಾಕಿದ್ದಾರೆ ಎಂಬುದು ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ. ಎಷ್ಟು ಕೆಣಕಿದರೂ ಬಾಯಿ ಬಿಡಲಿಲ್ಲ. "ಇನ್ನೂ ಪಾಕ ಬಂದಿಲ್ಲ ಬುಡಿ" ಎಂದು ಎದ್ದು ಹೋಗುತ್ತಿದ್ದರು.

ಆಗ ಮೂವತ್ತರ ದಶಕ. ನಾಲೆಯ ನೀರು ಬಂದು ರಾಗಿ ಹೊಲಗಳು ಕಬ್ಬಿನ ಗದ್ದೆಗಳಾಗಿ ರೈತರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದ ಕಾಲ. ನಾನು ಕಿರುಗಾವಲಿಗೂ ಮಳವಳ್ಳಿಗೂ ನಡುವಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಶಾಲೆಯ ಮೂಲೆಯ ಮೇಜೇ ಪೋಸ್ಟಾಫೀಸು, ಅದಕ್ಕೂ ನಾನೇ ಯಜಮಾನ. ಊರಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಎಷ್ಟು ಬಲ್ಲೆ ಎಂದು ಕೇಳಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ನನ್ನ ಮರ್ಯಾದೆ ಸುಖವಾಗಿ ನಡೆಯುತ್ತಿತ್ತು.

ನಾಣ್ಯದ ಹುಚ್ಚು ಗೌಡರಿಗೆ ಹಿಡಿದದ್ದು ಭಾವಮೈದನಿಂದ. ಕೊತ್ತತ್ತಿಯ ಮರೀಗೌಡನ ಗದ್ದೆಯಲ್ಲಿ ಕಾಲುವೆ ತೋಡುವಾಗ ಸುಲ್ತಾನರ ಕಾಲದ ತಾಮ್ರದ ಆನೆಕಾಸು ಸಿಕ್ಕಿತು. ಆನೆಯ ಮುಂದಿನ ಅರ್ಧ ಮಾತ್ರ ಅದರಲ್ಲಿ ಉಳಿದಿತ್ತು. ಆ ಅರ್ಧ ಆನೆಯನ್ನು ಅವನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಂಟರ ಮನೆಮನೆಗೆ ಹೋಗಿ ಮೆರೆಸಿದ. ಗೌಡರು ಅದನ್ನು ತಿರುಗಿಸಿ ನೋಡಿ "ಎಮ್ಮೆಗೆ" ಅಂದರು. ಮರೀಗೌಡ ಉರಿದುಹೋಗಿ, "ಅಂಗಾರೆ ಮದ್ವೆ ಆನೆ ನೀನೇ ತಂದು ತೋರ್ಸು ಬಾವ" ಎಂದ. ಗೌಡರು ಮರುದಿನವೇ ನನ್ನ ಮೇಜಿನ ಮುಂದೆ ಬಂದು ಕೂತರು.

ಮದರಾಸಿನ ನಾಣ್ಯದ ವ್ಯಾಪಾರಿಯೊಬ್ಬನ ಜಾಹೀರಾತನ್ನು ನಾನು ಪೇಪರಿನಲ್ಲಿ ನೋಡಿದ್ದೆ. ಪತ್ರ ಬರೆದು ಅವನ ಬೆಲೆಪಟ್ಟಿ ತರಿಸಿದೆ. ಅದರಲ್ಲಿ ಆನೆಕಾಸು ಎರಡಿದ್ದವು. ಒಂದರ ಮುಂದೆ ವೆರಿ ಫೈನ್ ಎಂದು ಬರೆದು ನಾಲ್ಕು ರೂಪಾಯಿ, ಇನ್ನೊಂದರ ಮುಂದೆ ಫೇರ್ ಎಂದು ಬರೆದು ಹನ್ನೆರಡಾಣೆ ಹಾಕಿದ್ದರು.

"ಎಲ್ಡೂ ಆನೇನೇ ತಾನೆ, ರೇಟ್ಯಾಕೆ ಇಂಗೆ?" ಎಂದು ಗೌಡರು ಕೇಳಿದರು.

ಫೈನ್ ಎಂದರೆ ನಯ. ಫೈನ್ ಮಲ್ಲು ಪಂಚೆ ಎಂದು ಅಂಗಡಿಯವರೂ ಹೇಳುತ್ತಾರೆ. ವೆರಿ ಫೈನ್ ಎಂದರೆ ತೀರ ನಯ, ಅಂದರೆ ಸವೆದು ನುಣ್ಣಗಾದದ್ದು. ಫೇರ್ ಎಂದರೆ ಚೆಲುವಾದದ್ದು, ನಾನು ಓದಿದ ಪಠ್ಯದಲ್ಲಿ ರಾಜಕುಮಾರಿಗೆ ಆ ಪದವನ್ನೇ ಹಚ್ಚಿದ್ದರು. ಇದನ್ನೆಲ್ಲ ನಾನು ಕನ್ನಡಕ ಸರಿಪಡಿಸಿಕೊಂಡು ವಿವರಿಸಿದೆ.

ಗೌಡರು ಗಡ್ಡ ಕೆರೆದುಕೊಂಡರು. "ನುಣ್ಣಗಾದ್ದಕ್ಕೆ ನಾಕ್ ರೂಪಾಯಿ, ಚೆಂದಾಗಿರೋದಕ್ಕೆ ಅನ್ನೆರಡಾಣೆಯಾ? ರೇಟು ಬ್ಯಾರೆ ಏನೋ ಯೋಳ್ತಾ ಅದಲ್ಲ ಮೇಷ್ಟ್ರೇ."

"ಹಳೆಯ ನಾಣ್ಯದ ರೀತಿಯೇ ಹಾಗೆ ಗೌಡರೆ. ಸವೆದಷ್ಟೂ ಹಳೆಯದು, ಹಳೆಯದಾದಷ್ಟೂ ಬೆಲೆ" ಎಂದೆ. ಆ ತರ್ಕ ನನಗೆ ಎಲ್ಲಿಂದ ಹೊಳೆಯಿತೋ ಕಾಣೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಆಗ್ಲಿ, ಇಂಗ್ಲೀಸು ನಿಮ್ದು" ಅಂದರು.

ಚೌಕಾಸಿ ಮಾಡದೆ ಕೊಳ್ಳುವುದು ಅವರ ಜಾಯಮಾನವಲ್ಲ. ಹನ್ನೆರಡಾಣೆಯ ಫೇರ್ ಆನೆಯನ್ನು ಹತ್ತಾಣೆಗೆ ಕೇಳೋಣ ಎಂದರು. ನಾನು ಕಾರ್ಡು ತೆಗೆದೆ. ಗೌಡರು ಥಟ್ಟನೆ ನನ್ನ ಕೈ ಹಿಡಿದರು. ದನದ ವ್ಯಾಪಾರದಲ್ಲಿ ಬೆಲೆ ನಾಲ್ಕು ಜನಕ್ಕೆ ಗೊತ್ತಾಗದಂತೆ ಟವಲಿನ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರಲ್ಲ, ಅದು ಅವರ ಮನಸ್ಸಿನಲ್ಲಿತ್ತು. "ಕಾರ್ಡು ಬ್ಯಾಡಿ. ದಾರೀಲಿ ಓದೋರೆಲ್ಲ ಓದ್ತಾರೆ. ಲಕೋಟೆ ಆಕಿ ಅಂಟ್ಸಿ, ಅದೇ ಟವಲು" ಎಂದರು. ಟವಲು ಮದರಾಸಿಗೆ ಹೋಯಿತು, ಬೆಲೆ ಒಂದೇ ಎಂಬ ಉತ್ತರ ತೆರೆದ ಕಾರ್ಡಿನಲ್ಲಿ ಬಂತು. ವ್ಯಾಪಾರದ ರೀತಿ ತಿಳಿಯದವನು ಎಂದು ಗೌಡರು ಅವನನ್ನು ಎರಡು ದಿನ ಬೈದು, ಕೊನೆಗೆ ಹನ್ನೆರಡಾಣೆಗೇ ಒಪ್ಪಿದರು.

ಪಾರ್ಸೆಲ್ಲು ವಿ.ಪಿ.ಯಲ್ಲಿ ಬಂತು, ಅಂದರೆ ಅಂಚೆಯಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು, ಆ ದುಡ್ಡು ಕಳಿಸಿದವನಿಗೆ ಹೋಗುತ್ತದೆ. ಅಂಚೆ ಖರ್ಚು ಸೇರಿ ಹದಿನೈದಾಣೆ. ಆನೆಯ ಆಗಮನಕ್ಕೆಂದು ಗೌಡರು ಮರೀಗೌಡನನ್ನು ಕೊತ್ತತ್ತಿಯಿಂದ ಕರೆಸಿದ್ದರು, ಜೊತೆಗೆ ಅರ್ಧ ಊರೂ ಬಂದಿತ್ತು. "ಮೊದ್ಲು ಬಿಚ್ಚಿ ಮೇಷ್ಟ್ರೇ, ನೋಡುಮಾ" ಅಂದರು ಗೌಡರು. ದುಡ್ಡು ಕಟ್ಟುವ ಮುಂಚೆ ಬಿಚ್ಚುವಂತಿಲ್ಲ, ಅದು ಸರ್ಕಾರದ ರೂಲು ಎಂದೆ.

"ಅಲ್ಲು ನೋಡ್ದೆ ಎತ್ತು ಕೊಳ್ಳೋದು ಯಾವ ಸೀಮೆ ರೂಲು?"

"ಸರ್ಕಾರದ್ದು ಗೌಡರೆ. ನಾನೇನು ಮಾಡಲಿ."

ಅವರು ಪೊಟ್ಟಣವನ್ನು ಅಂಗೈಯಲ್ಲಿ ತೂಗಿದರು. ಮೂಸಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೇರೆ ದಾರಿಯಿಲ್ಲದೆ ಹದಿನೈದಾಣೆ ಎಣಿಸಿಟ್ಟು ದಾರ ಕಿತ್ತರು. ಒಳಗಿಂದ ಹೊರಬಂದದ್ದು ಮೀನಿನ ಕಣ್ಣಿನಷ್ಟು ನುಣ್ಣಗಿದ್ದ ಒಂದು ತಾಮ್ರದ ಬಿಲ್ಲೆ. ಗೌಡರು ಈ ಮಗ್ಗುಲು ನೋಡಿದರು, ಆ ಮಗ್ಗುಲು ನೋಡಿದರು, ಕೊನೆಗೆ ಪೊಟ್ಟಣದ ಒಳಗೂ ನೋಡಿದರು.

"ಆನೆ ಎಲ್ಲಿ ಮೇಷ್ಟ್ರೇ?"

ನಾನು ಬಾಯಿ ತೆರೆಯುವ ಮೊದಲೇ ಮರೀಗೌಡ, "ಮೇಯಾಕೋಗ್ಯದೆ ಕಣ್ ಬುಡು ಬಾವ, ಸಂಜೀಕೆ ಬತ್ತದೆ" ಎಂದ. ಪೋಸ್ಟಾಫೀಸಿನ ಹೆಂಚು ಹಾರುವಷ್ಟು ನಗೆ ಎದ್ದಿತು.

ಆ ನಗೆ ಅಲ್ಲಿಗೆ ನಿಲ್ಲಲಿಲ್ಲ. ಬೋರೇಗೌಡರ ಕಣ್ಣು ಮೋಸ ಹೋಯಿತಂತೆ, ಬೋಳು ಬಿಲ್ಲೆಯನ್ನು ಆನೆ ಅಂತ ಕೊಂಡರಂತೆ ಎಂಬ ಸುದ್ದಿ ಬೆಲ್ಲದ ಗಾಡಿಗಳ ಜೊತೆ ಊರೂರು ತಿರುಗಿತು. ಆ ವಾರ ಮದ್ದೂರಿನ ಮಂಡಿಯವರು ತಕರಾರಿಗೆ ಬೇರೊಬ್ಬನನ್ನು ಕರೆಸಿದರು. ಗೌಡರು ಸಂಜೆಯವರೆಗೂ ಜಗಲಿಯಲ್ಲಿ ಕೂತು ಗಾಡಿಯ ದಾರಿ ನೋಡಿದರೆಂದು ಅವರ ಮನೆಯವರು ನನಗೆ ಹೇಳಿದರು. ಅಷ್ಟರಲ್ಲಿ ನಾನು ಬೆಲೆಪಟ್ಟಿಯ ಕೊನೆಯ ಪುಟ ತಿರುವಿದ್ದೆ. ದರ್ಜೆಗಳ ಅರ್ಥ ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾಣ್ಯದವರ ಬಾಯಲ್ಲಿ ವೆರಿ ಫೈನ್ ಎಂದರೆ ಚಿತ್ರ ಚೊಕ್ಕವಾಗಿ ಉಳಿದದ್ದು, ಫೇರ್ ಎಂದರೆ ಸವೆದು ಗುರುತೇ ಸಿಗದ್ದು.

ಹೇಳಬೇಕಿತ್ತು. ಹೇಳಲಿಲ್ಲ. "ಮದರಾಸಿನವನು ಮೋಸ ಮಾಡಿದ್ದಾನೆ ಗೌಡರೆ" ಎಂದು ಅವನಿಗೆ ಒಂದು ಬಿಸಿ ಪತ್ರವನ್ನೂ ಬರೆದೆ. ಅವನ ಉತ್ತರ ಬಹಳ ಮರ್ಯಾದೆಯಿಂದ ಬಂತು. ನಮ್ಮ ಪಟ್ಟಿಯಲ್ಲಿ ಫೇರ್ ಎಂಬುದರ ಅರ್ಥ ಹೀಗಿದೆ, ದಯವಿಟ್ಟು ಕೊನೆಯ ಪುಟ ನೋಡಿ, ಬೇಡವಾದರೆ ವಾಪಸು ಕಳಿಸಿ ಎಂದಿದ್ದ. ನಾನು ಅದನ್ನು ಗೌಡರ ಮುಂದೆ ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ: "ತಪ್ಪಾಯಿತು, ಕ್ಷಮಿಸಬೇಕು, ವಾಪಸು ಕಳಿಸಿ."

"ವಾಪಸ್ ಯಾಕೆ? ಒಡ್ಕೊಂಡ್ ಬಂದ ಎತ್ತ ತಿರುಗಿ ಅಟ್ಟದುಂಟಾ" ಎಂದ ಗೌಡರು ಕೈ ಚಾಚಿ ಕಾಗದ ಇಸಿದುಕೊಂಡು, ಮಡಿಸಿ ಎಲೆ ಅಡಿಕೆಯ ಚೀಲಕ್ಕೆ ಹಾಕಿದರು. ಮಾರನೆಯ ದಿನ ಬೆಲ್ಲದ ಗಾಡಿಯಲ್ಲಿ ಮದ್ದೂರಿಗೆ ಹೋಗಿ ಬಂದರು.

ಆಮೇಲೆ ಅವರ ನಾಣ್ಯ ವ್ಯಾಪಾರದ ರೀತಿ ಬದಲಾಯಿತು. ನಾನು ಪಟ್ಟಿ ಹಿಡಿದು ದರ್ಜೆಯ ಹೆಸರು ಓದಲು ಹೊರಟರೆ, "ಎಸ್ರು ಬುಡಿ, ರೇಟ್ ಓದಿ. ಬಾಯಿ ಸುಳ್ಳಾಡ್ಬೋದು, ರೇಟು ಆಡಾಕಿಲ್ಲ" ಅನ್ನುತ್ತಿದ್ದರು. ಕಬ್ಬಿನ ದುಡ್ಡು ಬಂದೊಡನೆ ನಾಲ್ಕು ರೂಪಾಯಿಯ ಆನೆಯನ್ನು ತರಿಸಿದರು. ಸೊಂಡಿಲಿಂದ ಬಾಲದ ತುದಿಯವರೆಗೆ ಒಂದಿಷ್ಟೂ ಕುಂದಿಲ್ಲದ ಆನೆ. ಮರೀಗೌಡ ಅದನ್ನು ನೋಡಿ ತನ್ನ ಅರ್ಧ ಆನೆಯನ್ನು ಸೊಂಟದ ಪಂಚೆಯೊಳಕ್ಕೆ ತಳ್ಳಿಕೊಂಡ. ಮಂಡಿಯ ಗಾಡಿ ಮತ್ತೆ ಬರತೊಡಗಿತು.

ಮೊದಲಿನದು ಹೇಗೆ ಹಾಗಾಯಿತು ಎಂದು ಜನ ಕೇಳಿದಾಗಲೆಲ್ಲ ಗೌಡರ ಉತ್ತರ ಒಂದೇ. "ಕಣ್ಣು ನಂದೇ, ತಪ್ಪೂ ನಂದೇ." ನನ್ನ ಎದುರಿಗೇ ಹೀಗೆ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕಾಗದಗಳ ಮೇಲೆ ಮುದ್ರೆ ಒತ್ತುತ್ತಿದ್ದೆ.

ಎರಡು ವರ್ಷದ ಮೇಲೆ ನನಗೆ ಕೊತ್ತತ್ತಿಗೆ ವರ್ಗವಾಯಿತು. ಅಲ್ಲಿ ಹೋಗಿ ಆರು ತಿಂಗಳಾಗಿರಬೇಕು, ನನ್ನ ಹೆಸರಿಗೆ ಒಂದು ವಿ.ಪಿ. ಪಾರ್ಸೆಲ್ಲು ಬಂತು. ಕಟ್ಟಬೇಕಾದದ್ದು ಹದಿನೈದಾಣೆ. ನಾನು ಏನನ್ನೂ ತರಿಸಿರಲಿಲ್ಲ. ಒಮ್ಮೆ ಬಿಚ್ಚಿ ನೋಡುತ್ತೇನಪ್ಪಾ ಎಂದು ಅಂಚೆಯವನನ್ನು ಕೇಳಿದೆ. "ರೂಲಿಲ್ಲ ಮೇಷ್ಟ್ರೇ, ನಿಮಗೆ ಗೊತ್ತಿಲ್ಲದ್ದಾ" ಎಂದ. ಪೊಟ್ಟಣವನ್ನು ಅಂಗೈಯಲ್ಲಿ ತೂಗಿದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅಷ್ಟರಲ್ಲಿ ನನಗೆ ಒಳಗೇನಿದೆ ಎಂದು ಗೊತ್ತಾಗಿಹೋಗಿತ್ತು. ಹದಿನೈದಾಣೆ ಕಟ್ಟಿದೆ.

ಒಳಗೆ ಆ ಬೋಳು ಬಿಲ್ಲೆ, ಅದರ ಸುತ್ತ ಮದರಾಸಿನ ಕಾಗದ. ಕಾಗದದ ಅಂಚಿನಲ್ಲಿ ಮದ್ದೂರಿನ ಯಾರೋ ಇಂಗ್ಲಿಷ್ ಬಲ್ಲವರು ಪೆನ್ಸಿಲಿನಲ್ಲಿ, "ಫೇರ್ ಅಂದರೆ ಸವೆದದ್ದು. ತಪ್ಪು ವ್ಯಾಪಾರಿಯದಲ್ಲ" ಎಂದು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಜೊತೆಗೊಂದು ಚೀಟಿ. ಕುಂಬಳಕಾಯಿಯಷ್ಟು ದೊಡ್ಡ ಅಕ್ಷರಗಳು, ಗೌಡರದೇ ಕೈ: "ಆನೆ ಎಮ್ಮೆಗೆ." ನಾನು ನಕ್ಕೆ, ನಗುತ್ತ ನಗುತ್ತ ನಾಚಿಕೆಯಿಂದ ಮೈ ಬಿಸಿಯಾಯಿತು.

ಆ ಭಾನುವಾರವೇ ಹೋದೆ. ಗೌಡರು ಜಗಲಿಯಲ್ಲಿ ಕೂತಿದ್ದರು, ಎರಡು ಕಣ್ಣಿಗೂ ಪೊರೆ ಬಂದಿತ್ತು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು, "ದುಡ್ ಕಟ್ಟೇ ಬಿಚ್ಚುದ್ರಾ?" ಎಂದರು.

"ಕಟ್ಟಿದೆ ಗೌಡರೆ. ತಪ್ಪು ನನ್ನದು. ಮದ್ದೂರಿಗೆ ಹೋದ ದಿನವೇ ನಿಮಗೆ ಗೊತ್ತಾಗಿತ್ತಲ್ಲ, ಯಾಕೆ ಹೇಳಲಿಲ್ಲ? ಊರೆಲ್ಲ ನಿಮ್ಮನ್ನು ನೋಡಿ ನಕ್ಕಿತು."

"ನನ್ ಕಣ್ ನೋಡಿ ನಗೋರು ಇನ್ನೊಂದ್ ಅಚ್ಚು ಬೆಲ್ಲ ಮುರುದ್ರೆ ಮರ್ತೋಯ್ತಾರೆ. ಮೇಷ್ಟ್ರ ಇಂಗ್ಲೀಸ್ ನೋಡಿ ನಕ್ಕುದ್ರೆ ಆಮೇಲೆ ಐಕ್ಳು ಯಾರತ್ರ ಕಲೀತವೆ?" ಎಂದರು. "ಅದಕ್ಕೇಯ ಅದಿನೈದಾಣೆ ಮಾತ್ರ ವಸೂಲಿ ಮಾಡ್ಕಂಡೆ" ಎಂದು ಸೇರಿಸಿದರು.

ಅವರ ಮುಂದೆ ಮತ್ತೆ ಕೂರುವ ಭಾಗ್ಯ ನನಗಿಲ್ಲ ಎಂದು ಆಗ ಗೊತ್ತಿರಲಿಲ್ಲ. ಮುಂದಿನ ಬೆಲ್ಲದ ಕಾಲಕ್ಕೆ ಅವರಿರಲಿಲ್ಲ. ಆದರೂ ಯಾಕೋ ಅವತ್ತು ಕೇಳದೆ ಏಳಲು ಮನಸ್ಸು ಬರಲಿಲ್ಲ.

"ಆನೆ ಎಮ್ಮೆಗೆ, ಒಪ್ಪಿದೆ. ಇವತ್ತಾದರೂ ಹೇಳಿ, ನಾನು?"

ಗೌಡರು ಕಾಣದ ಕಣ್ಣುಗಳನ್ನು ಮುಚ್ಚಿಕೊಂಡರು. ನಾಲಿಗೆಯ ಮೇಲೆ ಬೆಲ್ಲದ ಚೂರು ಇಟ್ಟುಕೊಂಡವರಂತೆ ಸುಮಾರು ಹೊತ್ತು ಕೂತಿದ್ದರು.

"ಮನೆಗೆ" ಎಂದರು.