ಆರಿಸಿ ಎಸೆದ ಅಕ್ಕಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲಿಕ್ಕೆ ನನಗೇನೂ ನಾಚಿಕೆ ಇಲ್ಲ. ಅವ್ವ ಕೂಲಿ, ಅಪ್ಪ ಕುರುಗೋಡಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವ. ಬಳ್ಳಾರಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಕಾಂ ಮಾಡಿದೆ. ಅದಕ್ಕೂ ಮೊದಲು, ಸಣ್ಣಾಕಿ ಇದ್ದಾಗ, ಮಧ್ಯಾಹ್ನ ನನಗೆ ಅನ್ನ ಹಾಕಿದ್ದು ಸರ್ಕಾರಿ ಸಾಲಿಯ ಬಿಸಿಯೂಟ. ಹಾಗಾಗಿ ಬಿಸಿಯೂಟದ ತಪಾಸಣೆ ಕೆಲಸವೇ ಸಿಕ್ಕಾಗ, ಅದು ಗುತ್ತಿಗೆಯದ್ದು, ಯಾವಾಗ ಬೇಕಾದರೂ ಹೋಗುವಂಥದ್ದು ಅಂತ ಗೊತ್ತಿದ್ದರೂ, ಎದೆ ಉಬ್ಬಿತ್ತು. ಉಂಡ ಅನ್ನವನ್ನು ಕಾಯುವ ಕೆಲಸ ಅಂದುಕೊಂಡಿದ್ದೆ.

ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ರೂಮು ಹಿಡಿದೆ. ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದರೆ ಊಟದ ಗಂಟೆಯ ಹೊತ್ತಿಗೆ ಯಾವುದಾದರೂ ಒಂದು ಸಾಲಿ ಮುಟ್ಟುತ್ತಿದ್ದೆ. ಮೊಬೈಲಿನಲ್ಲಿ ಕಚೇರಿಯವರು ಹಾಕಿಕೊಟ್ಟ ಆ್ಯಪ್. ಅದರಲ್ಲಿ ಪ್ರಶ್ನೆಗಳು. ಅಕ್ಕಿ ಚೀಲ ನೆಲ ಬಿಟ್ಟು ಹಲಗೆಯ ಮೇಲೆ ಇವೆಯೇ? ಅಡುಗೆಯವರು ತಲೆಗೆ ಬಟ್ಟೆ ಕಟ್ಟಿದ್ದಾರೆಯೇ? ಮಕ್ಕಳಿಗಿಂತ ಮೊದಲು ದೊಡ್ಡವರೊಬ್ಬರು ರುಚಿ ನೋಡಿದರೇ? ಹೌದು ಅಂತ ಒತ್ತಿದರೆ ಹಸಿರು, ಇಲ್ಲ ಅಂದರೆ ಕೆಂಪು. ಕೆಂಪಾದದ್ದು ತಾನಾಗಿ ಹೋಗುವುದಿಲ್ಲ. ಯಾರ ಮೇಲಾದರೂ ಏನಾದರೂ ಕ್ರಮ ಆಗಿ, ಅದರ ಫೋಟೋ ಏರಿಸಿದ ಮೇಲೇ ಅದು ಹಸಿರಾಗುವುದು.

ಸಿರುಗುಪ್ಪದಾಚೆ ಕಾಲುವೆ ದಂಡೆಯ ಊರೊಂದರ ಸಾಲಿಗೆ ಹೋದ ದಿನ, ಅಡುಗೆಮನೆಯ ಕಟ್ಟೆಯ ಮೇಲೆ ಮುಖ್ಯ ಅಡುಗೆಯಾಕಿ ಮೊರ ಹಿಡಿದು ಕೂತಿದ್ದಳು. ವಯಸ್ಸಾದ ಹೆಂಗಸು, ಗಟ್ಟಿ ಕೈ. ಹರೆಯದಲ್ಲಿ ಅಕ್ಕಿ ಗಿರಣಿಯಲ್ಲಿ ದುಡಿದಾಕಿ, ಗಂಡ ಇಲ್ಲ, ಮಗಳ ಮಗ ಅದೇ ಸಾಲಿಯಲ್ಲಿ ಓದುತ್ತಿದ್ದ. ಮನೆ ನಡೆಯುತ್ತಿದ್ದದ್ದು ಈ ಕೆಲಸದ ಮೇಲೆ. ಅವಳ ಬೆರಳು ಕೋಳಿ ಕಾಳು ಹೆಕ್ಕಿದಂತೆ ಟಕಟಕ ಓಡುತ್ತಿದ್ದವು. ಹರಳು ಒಂದು ಕಡೆ, ಹುಳ ಒಂದು ಕಡೆ. ಮೂರನೇ ಗುಂಪೊಂದಿತ್ತು: ಸ್ವಲ್ಪ ಹಳದಿ ಬಣ್ಣದ, ಮಬ್ಬು ಮೈಯ ಕಾಳುಗಳು. ಅವನ್ನು ಅಂಗಳಕ್ಕೆ ಎಸೆಯುತ್ತಿದ್ದಳು.

"ಏನಮ್ಮಾ ಅದು, ಎಸೀತೀರಲ್ಲ?" ಅಂದೆ.

"ಬರ್ರಿ ಮೇಡಂ, ನೋಡ್ರಿ. ಪ್ಲಾಸ್ಟಿಕ್! ನಮ್ಮ ಹುಡುಗರಿಗೆ ಪ್ಲಾಸ್ಟಿಕ್ ತಿನ್ನಸಾಕ ಕಳಿಸ್ಯಾರ. ಒಂದ ಒಂದು ಕಾಳು ಒಳಗ ಹೋಗಾಕ ಬಿಟ್ಟಿಲ್ಲ ನಾನು."

ಪಕ್ಕದಲ್ಲಿ ಬೇಳೆ ತೊಳೆಯುತ್ತಿದ್ದ ಸಹಾಯಕಿ, "ಅಕ್ಕಂದು ಹದ್ದಿನ ಕಣ್ಣರಿ" ಅಂತ ಸೇರಿಸಿದಳು.

ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಸತ್ವ, ಜೀವಸತ್ವ ಕಲಸಿ, ಮತ್ತೆ ಕಾಳಿನ ಆಕಾರಕ್ಕೆ ಒತ್ತಿ, ಸಾದಾ ಅಕ್ಕಿಯೊಳಗೆ ಅಲ್ಲೊಂದು ಇಲ್ಲೊಂದು ಬೆರೆಸಿರುತ್ತಾರೆ. ಮೈಯಲ್ಲಿ ರಕ್ತ ಕಡಿಮೆ ಇರುವ ಮಕ್ಕಳಿಗೆ ಅಂತಲೇ. ಇಷ್ಟನ್ನೂ ನನಗೆ ಬಂದ ಮಾತಿನಲ್ಲಿ ಹೇಳಿದೆ.

ಆಕೆ ಮೊರ ಕೆಳಗಿಟ್ಟು ನಕ್ಕಳು. "ಕೇಳೇ ಇಲ್ಲಿ! ಅಕ್ಕೀನ ಹಿಟ್ಟು ಮಾಡ್ತಾರಂತ, ಹಿಟ್ಟನ್ನ ತಿರುಗಿ ಅಕ್ಕಿ ಮಾಡ್ತಾರಂತ! ಮೇಡಂ, ಯಾವೂರು ನಿಮ್ದು?"

"ಕುರುಗೋಡು."

"ಹಂಗಾರ ಮೆಣಸಿನಕಾಯಿ ವಿಷಯ ಹೇಳ್ರಿ, ಕೈ ಕಟ್ಟಿ ಕೇಳ್ತೀನಿ. ಸಿರುಗುಪ್ಪದ ಸೀಮಿಯವರಿಗೆ ಅಕ್ಕಿ ವಿಷಯ ಹೇಳಬ್ಯಾಡ್ರಿ."

ಒಂದು ಬಟ್ಟಲು ನೀರು ತಂದಳು. ಹಳದಿ ಕಾಳು ಹಾಕಿದಳು, ಹಿಟ್ಟು ಒತ್ತಿ ಮಾಡಿದ ಹಗುರ ಕಾಳು, ಕೆಲವು ತೇಲಿದವು. ಸಾದಾ ಅಕ್ಕಿ ಹಾಕಿದಳು, ಮುಳುಗಿತು. ಕೇಸು ಗೆದ್ದ ವಕೀಲರ ಹಾಗೆ ನನ್ನ ಮುಖ ನೋಡಿದಳು.

ಇಂಥ ತಪ್ಪನ್ನು ಈ ಸೀಮೆಯವರೇ ಮಾಡಬೇಕು. ಬೇರೆ ಕಡೆ ಅಕ್ಕಿ ತೊಳೆದು ಎಸರಿಗೆ ಸುರಿದುಬಿಡುತ್ತಾರೆ, ಹಳದಿ ಕಾಳು ಯಾರ ಕಣ್ಣಿಗೂ ಬೀಳದೆ ಮಕ್ಕಳ ಹೊಟ್ಟೆ ಸೇರುತ್ತದೆ. ಇಲ್ಲಿ ಸುತ್ತಲೂ ಗದ್ದೆ, ಗಿರಣಿ. ಒಂದು ಕಾಳು ಅಂಗೈಮೇಲೆ ಇಟ್ಟರೆ ಹೊಸ ಅಕ್ಕಿಯೋ ಹಳೆಯದೋ, ಸೋನಾ ಮಸೂರಿಯೋ ಬೇರೆಯದೋ ಅಂತ ಹೇಳುವ ಹೆಂಗಸರು. ತಮಗೆ ಗುರುತಿಲ್ಲದ ಕಾಳನ್ನು ಅವರು ಬಿಡುತ್ತಾರೆಯೇ? ಸರ್ಕಾರ ಮಕ್ಕಳ ರಕ್ತಕ್ಕೆ ಅಂತ ಕಳಿಸಿದ್ದನ್ನು ಈಕೆ, ಮಕ್ಕಳ ಮೇಲಿನ ಅಕ್ಕರೆಯಿಂದಲೇ, ಒಂದೂ ಬಿಡದಂತೆ ಹೆಕ್ಕಿ ಅಂಗಳಕ್ಕೆ ಹಾಕುತ್ತಿದ್ದಳು.

ಅಷ್ಟರಲ್ಲಿ ಹೆಡ್‌ಮಾಸ್ಟರು ಬಂದರು. ಹಣೆ ತುಂಬ ವಿಭೂತಿ, ಮೆತ್ತನೆಯ ಮಾತು. ವಿಷಯ ತಿಳಿದು ಆಕೆಯ ಕಡೆ ತಿರುಗಿ, "ನಾ ಹೇಳಿದ್ದೆನಲ್ಲಮ್ಮಾ?" ಅಂದರು.

"ಯಾವಾಗ್ರೀ ಸರ?"

"ತರಬೇತಿಗೆ ಹೋಗಿ ಬಂದ ಮ್ಯಾಲೆ."

"ತರಬೇತಿಗೆ ನೀವು ಬಳ್ಳಾರಿಗೆ ಹೋಗಿದ್ದು ಖರೆ. ಬಂದು, ಮೈಸೂರ್‌ಪಾಕ್ ಭಾಳ ಚಲೋ ಇತ್ತು ಅಂದ್ರಿ. ಅಷ್ಟ ಹೇಳಿದ್ದು ನೀವು."

ಸಹಾಯಕಿ ಸೆರಗು ಬಾಯಿಗೆ ಒತ್ತಿಕೊಂಡಳು. ತರಬೇತಿಯಲ್ಲಿ ಒಂದು ದೊಡ್ಡ ಭಿತ್ತಿಪತ್ರ ಕೊಟ್ಟಿದ್ದರಂತೆ, ಹಳದಿ ಕಾಳಿನ ಚಿತ್ರ ಇದ್ದದ್ದು, ಅಡುಗೆಮನೆಗೆ ಅಂಟಿಸಲಿಕ್ಕೆ. ಎಲ್ಲಿದೆ ಅಂತ ಕೇಳಿದೆ. ಹೆಡ್‌ಮಾಸ್ಟರು ತಮ್ಮ ಕೋಣೆಗೆ ಕರೆದೊಯ್ದು ಕಪಾಟು ತೆರೆದರು. ಬಾಗಿಲಿನ ಒಳಮೈಗೆ ನೀಟಾಗಿ ಅಂಟಿಸಿದ್ದರು. ಹೊರಗೆ ಹಾಕಿದರೆ ಹೊಗೆ ಹಿಡಿಯುತ್ತದೆ, ಹುಡುಗರು ಹರಿಯುತ್ತಾರೆ ಅಂದರು. ಆ್ಯಪಿನಲ್ಲಿ ಸಾಲಿಯವರೇ ತುಂಬುವ ಭಾಗದಲ್ಲಿ, "ಅಡುಗೆ ಸಿಬ್ಬಂದಿಗೆ ತಿಳುವಳಿಕೆ ನೀಡಲಾಗಿದೆ" ಅನ್ನುವುದಕ್ಕೆ ಅವರು ಎಂದೋ ಹಸಿರು ಒತ್ತಿದ್ದರು.

ಸಾರವರ್ಧಿತ ಅಕ್ಕಿ ಮಕ್ಕಳ ತಟ್ಟೆ ಮುಟ್ಟುತ್ತಿದೆಯೇ ಅನ್ನುವ ಪ್ರಶ್ನೆಗೆ ನಾನು ಕೆಂಪು ಒತ್ತಿದೆ. ಒತ್ತಲೇಬೇಕು. ಆ ಊರಿನ ಹೆಣ್ಣುಮಕ್ಕಳ, ರಕ್ತವಿಲ್ಲದೆ ಬಿಳಿಚಿದ ಕಣ್ಣುರೆಪ್ಪೆಯ ಒಳಮೈ ನೋಡಿದ ಯಾರೂ ಸುಮ್ಮನಿರುವ ಹಾಗಿರಲಿಲ್ಲ. ಆದರೆ ಕೆಂಪು ಒತ್ತಿದ ಕೂಡಲೇ ಕಾರಣ ಕೇಳಿತು. ಸರಬರಾಜು ದೋಷ, ದಾಸ್ತಾನು ದೋಷ, ಅಡುಗೆ ಸಿಬ್ಬಂದಿ ದೋಷ. ಈ ಮೂರೇ. ಯಾರೂ ಕಲಿಸಿಲ್ಲ ಅನ್ನುವುದು ಇರಲಿಲ್ಲ. ಹೆಡ್‌ಮಾಸ್ಟರು ಅನ್ನುವುದಂತೂ ಎಲ್ಲೂ ಇರಲಿಲ್ಲ. ಏನೂ ಒತ್ತದೆ, ಅರ್ಧಕ್ಕೇ ಬಿಟ್ಟು, ಮರುದಿನ ಬಳ್ಳಾರಿಯ ಗಾಂಧಿನಗರದಲ್ಲಿದ್ದ ನಮ್ಮ ಕಚೇರಿಗೆ ಹೋದೆ.

ನನ್ನ ಮೇಲಿನ ಅಧಿಕಾರಿ ಕೆಟ್ಟವರಲ್ಲ. ಕೂತ್ಕೋ ಅಂದರು, ಚಹಾ ತರಿಸಿದರು. ಕೇಳಿ, "ಅಡುಗೆ ಸಿಬ್ಬಂದಿ ಒತ್ತಮ್ಮ" ಅಂದರು.

"ಆಕೆ ತಪ್ಪಲ್ಲ ಸರ್. ಯಾರೂ ಆಕೆಗೆ ಹೇಳಿಲ್ಲ."

"ತಪ್ಪು ಯಾರದು ಅಂತ ನಾ ಕೇಳಿದೆನಾ? ಯಾವ ಕಾಲಂ ಅಂತ ಹೇಳಿದೆ. ಸರಬರಾಜು ಒತ್ತಿದ್ರೆ ಗೋದಾಮಿನವರು ಮೈಮೇಲೆ ಬರ್ತಾರೆ. ದಾಸ್ತಾನು ಒತ್ತಿದ್ರೆ ನನ್ನ ಮೈಮೇಲೆ ಬರ್ತದೆ." ಮೇಜಿನ ಮೇಲಿದ್ದ ನನ್ನ ಮೊಬೈಲನ್ನು ತಮ್ಮ ಕಡೆ ಎಳೆದುಕೊಂಡು, ತಮ್ಮ ಬೆರಳಿನಿಂದಲೇ ಮೂರನೆಯದನ್ನು ಒತ್ತಿದರು. "ತಗೋ. ಟಿಪ್ಪಣಿ ಜಾಗ ಐತಲ್ಲ, ಬೇಕಾದ್ದು ಬರಿ."

ಬರೆದೆ. ಅಡುಗೆಯವರಿಗೇ ನೇರವಾಗಿ, ಅಡುಗೆಮನೆಯಲ್ಲೇ, ಕಾಳು ಕೈಗೆ ಕೊಟ್ಟು ತರಬೇತಿ ಕೊಡಬೇಕು, ಈ ಹೆಂಗಸಿನ ಮೇಲೆ ಕ್ರಮ ಬೇಡ ಅಂತ. ಆ್ಯಪ್ ಕೊಟ್ಟ ಅಕ್ಷರಗಳ ಮಿತಿ ಮುಗಿಯುವ ತನಕ ಬರೆದೆ. ಅದನ್ನು ಓದಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಸಾಲಿಗೆ ನೋಟೀಸು ಹೋಯಿತು: ಕ್ರಮ ಕೈಗೊಂಡು ವರದಿ ಮಾಡಿ. ಸಾಲಿಯ ಸಮಿತಿಯವರು ಸಭೆ ಕರೆದರು. ನನ್ನನ್ನು ಕರೆದಿರಲಿಲ್ಲ, ಸಹಾಯಕಿ ಫೋನ್ ಮಾಡಿದ್ದಕ್ಕೆ ಹೋದೆ. ಸಮಿತಿಯ ಅಧ್ಯಕ್ಷನ ತಮ್ಮನ ಹೆಂಡತಿ ಬಹಳ ದಿನದಿಂದ ಈ ಕೆಲಸದ ಮೇಲೆ ಕಣ್ಣಿಟ್ಟಿದ್ದಳು ಅನ್ನುವುದು ಇಡೀ ಊರಿಗೆ ಗೊತ್ತಿತ್ತು. ಅಧ್ಯಕ್ಷ ಎದ್ದು ನಿಂತು ಭಾಷಣದ ದನಿಯಲ್ಲಿ, "ಸರ್ಕಾರ ನಮ್ಮ ಮಕ್ಕಳಿಗೆ ಕೊಟ್ಟ ಪೌಷ್ಟಿಕ ಅಕ್ಕೀನ ಈಕಿ ಮಣ್ಣಿಗೆ ಚೆಲ್ಯಾಳ. ಇದನ್ನ ನಾವಲ್ಲ, ಬಳ್ಳಾರಿಯಿಂದ ಬಂದ ಮೇಡಂ ಬರದಾರ" ಅಂದ.

ನಾನು ಎದ್ದೆ. "ಆಕೆಗೆ ಯಾರೂ ಹೇಳಿಲ್ಲ ಅಂತಾನೂ ಬರದೀನಿ. ಕ್ರಮ ಬ್ಯಾಡ ಅಂತಾನೂ ಬರದೀನಿ."

"ಚೆಲ್ಲಿದ್ದು ಖರೆನೋ ಸುಳ್ಳೋ, ಅಷ್ಟ ಹೇಳ್ರಿ ಮೇಡಂ."

"ಖರೆ, ಆದ್ರ..."

"ಸಾಕ್ರಿ. ಕೂತ್ಕೋರಿ."

ಅಡುಗೆಯಾಕಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಸಿಟ್ಟು ನನ್ನ ಮೇಲಾಗಲಿ ಅಧ್ಯಕ್ಷನ ಮೇಲಾಗಲಿ ಇರಲಿಲ್ಲ. ಚಾಪೆಯ ಮೇಲೆ ಕೂತಿದ್ದ ತಂದೆತಾಯಂದಿರ ನಡುವೆ ಒಬ್ಬನನ್ನು ಬೆರಳು ಮಾಡಿ ತೋರಿಸಿದಳು. "ಲೇ, ನೀನ ಅಲ್ಲೇನು ಫೋನಿನಾಗ ಪ್ಲಾಸ್ಟಿಕ್ ಅಕ್ಕಿ ತೋರಿಸಿದ್ದು? ನನ್ನ ಮಗಳಿಗೆ ಇದನ್ನ ಹಾಕಿದ್ರ ನೋಡು ಅಂತ ಅಡಿಗಿಮನಿ ಬಾಗಿಲಾಗ ನಿಂತು ಒದರಿದ್ದಿ. ಈಗ ಬಾಯಾಗ ಏನ್ ಇಟ್ಕಂಡಿ?"

ಅವನು ಟವೆಲ್ ಸರಿ ಮಾಡಿಕೊಂಡ. "ಅದು ಎಲ್ಲೋ ಬಂದಿತ್ತಕ್ಕಾ, ಹಂಗ ತೋರಿಸಿದ್ದೆ. ಎಸಿ ಅಂತ ನಾ ಅಂದೆನಾ?"

ಹೆಂಗಸರು ನೆಲ ನೋಡಿದರು. ಅವರಲ್ಲಿ ಅರ್ಧ ಜನ ಮನೆಯ ರೇಷನ್ ಅಕ್ಕಿಯಲ್ಲೂ ಅದೇ ಕಾಳು ಹೆಕ್ಕಿ ಎಸೆಯುವವರು. ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತಿದ್ದರು, ಎಷ್ಟು ಒರೆಸಿದರೂ ಅದು ಸ್ವಚ್ಛ ಆಗಲಿಲ್ಲ. ಆಕೆಯನ್ನು ಕೆಲಸದಿಂದ ತೆಗೆದರು. ಸಭೆಯ ಫೋಟೋ ಹೊಡೆದು ಏರಿಸಿದರು. ಬಳ್ಳಾರಿ ಬಸ್ಸಿನಲ್ಲಿ ಮೊಬೈಲ್ ತೆಗೆದು ನೋಡಿದರೆ ಆ ಸಾಲಿ ಆಗಲೇ ಹಸಿರಾಗಿತ್ತು. ಪೂರ್ಣ ಪಾಲನೆ ಅಂತ ಕೆಳಗೆ ಬರೆದಿತ್ತು.

ಮತ್ತೆ ಆ ಊರಿಗೆ ಹೋಗುವ ಸರದಿ ಬರುವ ಹೊತ್ತಿಗೆ ಅಧ್ಯಕ್ಷನ ತಮ್ಮನ ಹೆಂಡತಿ ಒಲೆಯ ಮುಂದೆ ಇದ್ದಳು. ಮಕ್ಕಳ ಸಾಲಿನಲ್ಲೇ ಕೂತು ಉಂಡೆ. ಎರಡನೇ ತುತ್ತಿಗೇ ಹರಳು ಕಟುಕ್ ಅಂತು. ನನ್ನ ಪಕ್ಕದ ಹುಡುಗಿ ತಟ್ಟೆಯ ಅಂಚಿಗೆ ತಾನು ತೆಗೆದ ಹರಳುಗಳನ್ನು ಸಾಲಾಗಿ ಇಟ್ಟಿದ್ದಳು. ಅನ್ನದಲ್ಲಿ ಹುಳ ಬೆಂದು ಬಿಳಿಯಾಗಿ ಮಲಗಿದ್ದವು.

ಅಡುಗೆಮನೆಗೆ ಹೋಗಿ ಕೇಳಿದೆ. "ಅಕ್ಕಿ ಆರಿಸಿಲ್ಲೇನಮ್ಮಾ?"

"ಆರಿಸಂಗಿಲ್ಲರಿ," ಅಂದಳು ಹೊಸಬಳು, ನಾನೇ ತಿಳಿಯದವಳು ಅನ್ನುವಂತೆ. "ಆರಿಸಿದ್ದಕ್ಕ ಆಕಿ ಹೋದ್ಲು. ಚೀಲದಾಗ ಏನೈತೋ ಅದನ್ನ ಹಂಗ ಹಾಕಬೇಕು."

ಇವಳಿಗೂ ಯಾರೂ ಕಲಿಸಿರಲಿಲ್ಲ. ಹಿಂದೆಯೇ ಬಂದ ಹೆಡ್‌ಮಾಸ್ಟರು ದನಿ ಇಳಿಸಿ, "ಬರೀಬ್ಯಾಡ್ರಿ ಮೇಡಂ. ಬರದ್ರ ಈಕೀನ್ನೂ ತೆಗೀಬೇಕಾಗತೈತಿ. ಆಮ್ಯಾಲೆ ಯಾರೂ ಬರಂಗಿಲ್ಲ" ಅಂದರು. ಮೊಬೈಲ್ ಚೀಲಕ್ಕೆ ಹಾಕಿದೆ. ಮೊರ ಇಸಿದುಕೊಂಡು ಕೂತು ಹೊಸಬಳಿಗೆ ತೋರಿಸಿದೆ, ಇದು ಹರಳು ಎಸಿ, ಇದು ಹಳದಿ ಕಾಳು ಇಟ್ಕೋ. ಹೂಂ ಹೂಂ ಅಂದಳು, ನಾನು ಯಾವಾಗ ಎದ್ದು ಹೋಗುತ್ತೇನೋ ಅಂತ ಬಾಗಿಲು ನೋಡುತ್ತಾ.

ಅಲ್ಲಿಂದ ನೇರ ಹಳೆಯಾಕಿಯ ಮನೆಗೆ ಹೋದೆ, ಸಾಲಿಯ ಹಿಂದಿನ ಓಣಿ. ಅವಳನ್ನು ತಿರುಗಿ ಸೇರಿಸಿಕೊಳ್ಳಿ ಅಂತ ಮೇಲಿನವರಿಗೆ ಒಂದು ಅರ್ಜಿ ನಾನೇ ಬರೆದು ತಂದಿದ್ದೆ. ಅವಳ ಹೆಬ್ಬೆಟ್ಟು ಬಿದ್ದರೆ ಸಾಕಿತ್ತು. ಕಟ್ಟೆಯ ಮೇಲೆ ಕೂತಿದ್ದಳು. ಮೊಮ್ಮಗ ಮನೆಗೇ ಬಂದು ಉಂಡು ಹೋಗಿದ್ದ, ಅವನ ತಟ್ಟೆ ಇನ್ನೂ ಅಲ್ಲೇ ಇತ್ತು. ಅರ್ಜಿ ಓದಿ ಹೇಳಿದೆ.

"ಅದು ಪ್ಲಾಸ್ಟಿಕ್ ಅಲ್ಲ ಅಂತ ನಾ ಒಪ್ಪಿದಂಗ ಐತೇನು ಅದರಾಗ?"

"ಒಪ್ಪಿದಂಗಲ್ಲ. ನಿಮಗ ಯಾರೂ ಹೇಳಿರಲಿಲ್ಲ ಅಂತ ಐತಿ."

"ನೀ ಹೇಳಿದ್ದಿ ಅಲ್ಲವಾ," ಅಂದಳು. "ಅವತ್ತ ಹೇಳಿದಿ, ನಾ ನಕ್ಕೆ. ಹೇಳಿದಾಕಿ ನೀನೊಬ್ಬಾಕಿ. ಊರಾಗ ಈಗ ತೆಗೆಸಿದಾಕೀನೂ ನೀನ ಅಂತಾರ. ನಾ ಯಾವುದನ್ನ ನಂಬಲಿ?"

ಮಸಿಯ ಡಬ್ಬಿ ತೆರೆದು ಅವಳ ಮುಂದೆ ಇಟ್ಟೆ. ಅವಳು ಅದನ್ನು ಮುಚ್ಚಿ ನನ್ನ ಕಡೆ ಸರಿಸಿದಳು.

"ಬ್ಯಾಡ. ನೀ ಬರದದ್ದು ಒಂದ ಸಲಕ್ಕ ಸಾಕು. ಉಂಡೇನು?"

"ಸಾಲ್ಯಾಗ ಉಂಡೆ."

"ಹರಳು ಸಿಕ್ಕಿರಬೇಕು."

"ಸಿಕ್ತು."

"ಏನ್ ಮಾಡಿದಿ?"

"ಉಗುಳಿದೆ."

"ಸಣ್ಣ ಹುಡುಗರು ನುಂಗತಾವು," ಅಂದಳು. "ಗಂಟಿ ಹೊಡೀತಾರ ಅಂತ ಗಬಗಬ ಉಣ್ತಾವು, ಅವಕ್ಕ ಉಗುಳಾಕ ಪುರಸತ್ತಿರಂಗಿಲ್ಲ."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತು ಕಾದೆ. ಹೊರಗೆ ಬರಲಿಲ್ಲ. ಹೆಬ್ಬೆಟ್ಟು ಬೀಳದ ಅರ್ಜಿ ಮಡಿಚಿಕೊಂಡು ಬಸ್ಸಿಗೆ ನಡೆದೆ.