ಜಾವಳದ ಬಿಸಿಲು

ನಮ್ಮ ಕಡೆಯ ಜನ ಮಕ್ಕಳ ಫೋಟೋ ತೆಗೆಸುವುದನ್ನು ನೋಡಿದರೆ, ಹಪ್ಪಳ ಒಣಗಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನಿಸುತ್ತದೆ. ಬಿಸಿಲು ಚುರುಗುಟ್ಟಬೇಕು, ಅಂಗಳದ ನಟ್ಟನಡುವೆ ಹರವಬೇಕು, ಪಕ್ಕದಲ್ಲಿ ಒಬ್ಬಳು ಕಾಯುತ್ತ ಕೂಡಬೇಕು. ಹಪ್ಪಳವಾದರೂ ಸುಮ್ಮನೆ ಒಣಗುತ್ತದೆ. ಕೂಸು ಅಳುತ್ತದೆ, ಅದು ಅತ್ತರೆ ಬೈಸಿಕೊಳ್ಳುವವನು ನಾನು.

ಸಿಂದಗಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಈಗ ಅದರೊಳಗೆ ಬಂದು ಕೂಡುವವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ. ಮಕ್ಕಳದೇನಿದ್ದರೂ ಹೊರಗೇ ಆಗಬೇಕು, ಅದೂ ಬಿಸಿಲಲ್ಲಿ. ಹಾಗಾಗಿ ಕ್ಯಾಮೆರಾದ ಚೀಲ ಹೆಗಲಿಗೇರಿಸಿಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ತಿರುಗುತ್ತೇನೆ. ಎಲ್ಲಿ ಹೋದರೂ ದಡ್ಡತನ ಒಂದೇ, ಅದು ತೊಟ್ಟ ಅಂಗಿ ಬೇರೆ. ಇಂಡಿಯಲ್ಲೊಬ್ಬ ತಾಯಿ ಮಗನಿಗೆ ಎಷ್ಟು ಪೌಡರ್ ಬಳಿದಿದ್ದಳೆಂದರೆ, ಹುಡುಗ ಹಿಟ್ಟಿನ ಗಿರಣಿಯಲ್ಲಿ ಬಿದ್ದು ಎದ್ದು ಬಂದಂತಿದ್ದ. ಬಾಗೇವಾಡಿಯಲ್ಲೊಬ್ಬ ಅಪ್ಪ ಇನ್ನೂ ಕತ್ತು ನಿಲ್ಲದ ಕೂಸಿಗೆ ಕಪ್ಪು ಕನ್ನಡಕ ಹಾಕಿಸಿದ್ದ. ಫೋಟೋದಲ್ಲಿ ಕೂಸಿನ ಕಣ್ಣು ಕಾಣಲಿಲ್ಲ. ಕನ್ನಡಕದ ಗಾಜಿನಲ್ಲಿ ಮೊಬೈಲ್ ಹಿಡಿದು ನಿಂತ ಅಪ್ಪ ಮಾತ್ರ ಎರಡೆರಡು ಸಲ ಸ್ಪಷ್ಟವಾಗಿ ಬಂದಿದ್ದ. ಅದನ್ನು ನೋಡಿ ಅವನಿಗೆ ಭಾರೀ ಖುಷಿ.

ಮುದ್ದೇಬಿಹಾಳದವರಿಗೆ ಸೂರ್ಯಕಾಂತಿಯ ಹೊಲವೇ ಬೇಕು. ಹೊಲ ಯಾರದೋ, ತುಳಿಯುವವರು ಇವರು. ಬಲಿತ ಹೂವು ಮೂಡಲಿಗೆ ಮುಖ ಮಾಡಿ ನಿಂತಿರುತ್ತದೆ. ಬೆಳಿಗ್ಗೆ ಹೋಗಿ ಹೂವಿನ ಮುಖವೂ ಕಾಣಬೇಕು, ಕೂಸಿನ ಮುಖವೂ ಕಾಣಬೇಕು ಅಂದರೆ ಕೂಸು ಸೂರ್ಯನನ್ನೇ ದಿಟ್ಟಿಸಬೇಕಾಗುತ್ತದೆ. ಸಂಜೆ ಬನ್ನಿ, ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣು ತಾವಾಗಿಯೇ ತೆರೆದಿರುತ್ತವೆ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವರ ತಲೆಯಲ್ಲಿ ಒಂದೇ ಒಂದು ಶಾಸ್ತ್ರ ಕೂತಿದೆ: ಫೋಟೋ ಅಂದರೆ ಸೂರ್ಯನ ಕಡೆ ಮುಖ. ಹಳೆಯ ಡಬ್ಬಿ ಕ್ಯಾಮೆರಾದ ಕಾಲದಲ್ಲಿ ಯಾರೋ ಹೇಳಿದ್ದು. ಡಬ್ಬಿ ಗುಜರಿಗೆ ಹೋಯಿತು, ಶಾಸ್ತ್ರ ಉಳಿಯಿತು.

ಈ ಶಾಸ್ತ್ರದ ಪರಮ ಪಂಡಿತನೊಬ್ಬನನ್ನು ನಾನು ಮನಗೂಳಿಯಲ್ಲಿ ಕಂಡೆ. ಅಡತಿ ಅಂಗಡಿಯ ಸಾಹುಕಾರ, ಊರಿನ ತೊಗರಿಯೆಲ್ಲ ಅವನ ಅಂಗಡಿಯ ಮೇಲೆಯೇ ಹೋಗಬೇಕು. ಮೊಮ್ಮಗಳ ಜಾವಳ ಇಟ್ಟುಕೊಂಡಿದ್ದ. ಹುಟ್ಟುಗೂದಲು ತೆಗೆಸುವ ಈ ಕಾರ್ಯಕ್ಕೆ ನಮ್ಮಲ್ಲಿ ಮದುವೆಯಷ್ಟೇ ಬಳಗ ಸೇರುತ್ತದೆ. ತೊಗರಿಯ ರಾಶಿ ಮುಗಿದು ಜನ ಖಾಲಿ ಇದ್ದರು, ಹಾಗಾಗಿ ಇನ್ನಷ್ಟು ಸೇರಿತ್ತು. ನಾನು ಬೆಳಿಗ್ಗೆ ಬೇಗ ಹೋಗಿ ಪಡಸಾಲೆಯಲ್ಲಿ ಕೂತೆ. ಗೋಡೆಯ ತುಂಬ ಮೂರು ತಲೆಮಾರಿನ ಫೋಟೋಗಳು. ಅಜ್ಜ, ಮುತ್ತಜ್ಜ, ಮದುಮಕ್ಕಳು, ಎಲ್ಲರೂ ಬಿಸಿಲಿಗೆ ಹುಬ್ಬು ಗಂಟಿಕ್ಕಿ ಕಣ್ಣು ಮುಚ್ಚಿದವರೇ. ಆ ಗೋಡೆಯ ಮೇಲೆ ಕಣ್ಣು ತೆರೆದಿದ್ದವರೆಂದರೆ ದೇವರು ಮಾತ್ರ.

ಚಹಾ ತಂದುಕೊಟ್ಟವಳು ಆ ಮನೆಯ ಸೊಸೆ, ಕೂಸಿನ ತಾಯಿ. ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದಳು:

"ಫೋಟೋದವರ, ನಂದೊಂದು ಕೆಲಸ ಮಾಡ್ರಿ. ಕೂದ್ಲಾ ತಗ್ಯೂಕಿಂತ ಮೊದಲ ನನ್ನ ಮಗಳದೊಂದು ಫೋಟೋ ಹೊಡೀರಿ. ಕಣ್ಣ ತಗದಿರಬೇಕು. ಒಂದ ಸಾಕು."

"ಅದಕ್ಕ ಬಂದೇನ್ರಿ ಅಕ್ಕಾರ," ಅಂದೆ.

"ಹಂಗಲ್ರಿ. ಈಕಿ ಗುಂಗುರುಗೂದ್ಲಾ ನಮ್ಮವ್ವನವು. ನನಗೂ ಹಿಂಗ ಇದ್ದುವಂತ. ಜಾವಳ ಆದ ಮ್ಯಾಲ ನೆಟ್ಟಗ ಬಂದ್ವು. ಈಕಿವೂ ಹ್ಯಾಂಗ ಬರ್ತಾವೋ ಏನೋ. ಮೊಬೈಲಿನ್ಯಾಗ ಎಷ್ಟ ಹೊಡದರೂ ಬಿಸಲಿಗೆ ಕಣ್ಣ ಮುಚ್ಚತಾಳ. ಮಾವಾರು ನೆರಳಾಗ ಹೊಡ್ಯಾಕ ಬಿಡೂದಿಲ್ಲ."

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ಹೋದಳು. ಆ ಹೊತ್ತಿನಿಂದ ಮುಹೂರ್ತದವರೆಗೆ ಅವಳು ಒಂದು ಕಡೆ ನಿಂತದ್ದನ್ನು ನಾನು ನೋಡಲಿಲ್ಲ.

ಕೂಸು ಮೂರು ವರ್ಷದ ಹುಡುಗಿ. ಎಣ್ಣೆಗಪ್ಪು ಬಣ್ಣ, ಹೆಗಲ ಮೇಲೆ ಸುರುಳಿ ಸುರುಳಿ ಕೂದಲು, ಕೆನ್ನೆಗೆ ದೃಷ್ಟಿಬೊಟ್ಟು. ಅಂಗಳದ ತೆಂಕು ಬದಿಗೆ ಒಂದು ಕಟ್ಟೆ ಇತ್ತು, ಇಡೀ ದಿನ ನೆರಳು. ಎದುರಿಗೆ ಸುಣ್ಣ ಬಳಿದ ಗೋಡೆ, ಅದರ ಮೇಲೆ ಬಿದ್ದ ಬಿಸಿಲು ಹಾಲಿನಂತೆ ಕಟ್ಟೆಗೆ ಮರಳುತ್ತಿತ್ತು. ಮಕ್ಕಳ ಮುಖಕ್ಕೆ ಅದಕ್ಕಿಂತ ಒಳ್ಳೆಯ ಬೆಳಕು ಸಾವಿರ ದೀಪ ಹಚ್ಚಿದರೂ ಬರುವುದಿಲ್ಲ. ಕೂಸನ್ನು ಅಲ್ಲಿ ಕೂಡಿಸಿ, ಕ್ಯಾಮೆರಾ ಕಣ್ಣಿಗೆ ಹಿಡಿದೆನೋ ಇಲ್ಲವೋ, ಸಾಹುಕಾರ ಓಡಿ ಬಂದ.

"ಏ, ಏನ್ ಮಾಡಾಕತ್ತೀರಿ? ಕತ್ತಲಾಗ ಯಾಕ ಕುಂದ್ರಸೀರಿ? ಮೊದಲ ಕರ್ರಗದಾಳ, ಇಲ್ಲಿ ಹೊಡದ್ರ ಹಂಚಿನಂಗ ಕಾಣ್ತಾಳ."

"ಇಲ್ಲೇ ಛೊಲೋ ಬರ್ತಾವ್ರಿ ಸಾಹುಕಾರ. ಬಿಸಲಾಗ ಕಣ್ಣ ತಗಿಯೂದಿಲ್ಲ ಕೂಸು."

"ನನ್ನ ಲಗ್ನದ ಫೋಟೋ ಬಿಸಲಾಗ ಹೊಡದದ್ದು. ಇವತ್ತಿಗೂ ಬಣ್ಣ ಹೋಗಿಲ್ಲ. ಬಿಸಲಿಗೇನು ರೊಕ್ಕ ಕೊಡಬೇಕೇನ್ರಿ? ದೇವರು ಪುಕ್ಕಟೆ ಕೊಟ್ಟಾನ. ತರ್ರಿ ಇಲ್ಲೆ."

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ. ಕೂಸನ್ನು ಎತ್ತಿ ಅಂಗಳದ ನಡುವೆ, ಮೂಡಲಿಗೆ ಮುಖ ಮಾಡಿ, ಮಣೆಯ ಮೇಲೆ ಕೂಡಿಸಿದರು. ಹತ್ತು ಗಂಟೆಯ ಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು. ಕೂಸು ಕಣ್ಣು ಮುಚ್ಚಿತು, ಮೂಗು ಸುಕ್ಕಿಸಿತು, ಆಮೇಲೆ ಅಳತೊಡಗಿತು. ಬಳಗದವರೆಲ್ಲ ಸುತ್ತ ನೆರೆದು ತಮ್ಮ ತಮ್ಮ ಮೊಬೈಲ್ ಎತ್ತಿದರು. ಒಬ್ಬ ಗಿಲಕಿ ಆಡಿಸಿದ, ಒಬ್ಬಳು ಬೆಕ್ಕಿನಂತೆ ಕೂಗಿದಳು, ಮತ್ತೊಬ್ಬ ಚಾಕಲೇಟು ತೋರಿಸಿದ. "ಕಣ್ಣ ತಗಿ ಮಗಳ, ಕಣ್ಣ ತಗಿ" ಅಂತ ಎಲ್ಲರೂ ಏಕಕಾಲಕ್ಕೆ ಒದರುತ್ತಿದ್ದರು. ಹಾಗೆ ಒದರುವವರು ತಾವು ಮಾತ್ರ ಹಣೆಗೆ ಕೈ ಅಡ್ಡ ಹಿಡಿದುಕೊಂಡಿದ್ದರು. ಬಿಸಿಲು ತಮಗೆ ಚುಚ್ಚುತ್ತದೆ ಅಂತ ಗೊತ್ತು, ಕೂಸಿಗೂ ಚುಚ್ಚುತ್ತದೆ ಅಂತ ಹೊಳೆಯಲಿಲ್ಲ. ನನಗೆ ಆ ಇಡೀ ಬಳಗದ ಮೇಲೆ ಹೇಸಿಕೆ ಬಂತು.

ಇಂಡಿಯಿಂದ ಸೋದರಮಾವ ಬರುವುದು ತಡವಾಗಿತ್ತು. ಉಡುಗೊರೆ ಕೊಡುವ ಆಯೇರಿಯ ಬಟ್ಟೆಯ ಜೊತೆಗೆ ಒಂದು ಚೀಲ ನಿಂಬೆಹಣ್ಣು ಹೊತ್ತು ಅಂತೂ ಬಂದಿಳಿದ. ಬಂದವನನ್ನು ಉಸಿರಾಡಲೂ ಬಿಡದೆ ಮಣೆಯ ಮೇಲೆ ಕೂಡಿಸಿ, ತೊಡೆಯ ಮೇಲೆ ಕೂಸನ್ನಿಟ್ಟರು. ಮೊದಲ ಸುರುಳಿ ಕತ್ತರಿಸುವವನು ಅವನೇ, ಆಮೇಲೆ ಕ್ಷೌರದವನ ಕೈ. ಕೂದಲು ನೆಲಕ್ಕೆ ಬೀಳಬಾರದು ಅಂತ ಸೋದರತ್ತೆ ಉಡಿ ಒಡ್ಡಿ ಕೂತಳು. ಮುಹೂರ್ತ ಮೀರುತ್ತದೆ ಅಂತ ಸಾಹುಕಾರ ಗಡಿಬಿಡಿ ಮಾಡುತ್ತಿದ್ದ. ನನ್ನ ಹತ್ತಿರ ಕಣ್ಣು ತೆರೆದ ಒಂದೇ ಒಂದು ಫೋಟೋ ಇನ್ನೂ ಇರಲಿಲ್ಲ. ಕತ್ತರಿ ಆಡಿತೆಂದರೆ ಮುಗಿಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಆರತಿಯ ತಟ್ಟೆ ಹಿಡಿದು ಸೊಸೆ ಬಂದಳು. ನನ್ನ ಎಡಕ್ಕೆ, ಮಗಳ ಎದುರಿಗೇ ನಿಂತಳು. ಬೇಕೆಂದು ನಿಂತಳೋ, ತಟ್ಟೆ ಇಡಲು ಜಾಗ ಸಿಗದೆ ನಿಂತಳೋ, ನಾನು ಕೇಳಲಿಲ್ಲ. ಅವಳ ನೆರಳು ಕೂಸಿನ ಮುಖದ ಮೇಲೆ ಬಿತ್ತು. ಕೂಸು ಅಳು ನಿಲ್ಲಿಸಿ ದೊಡ್ಡದಾಗಿ ಕಣ್ಣು ತೆರೆಯಿತು, ಮೇಲೆ ಅವ್ವನನ್ನು ನೋಡಿತು, ನಕ್ಕಿತು. ನಾನು ಒತ್ತಿದೆ.

"ಏ, ಬಾಜೂಕ ಸರಿ! ನೆರಳ ಬೀಳತೈತಿ ಫೋಟೋಕ್ಕ," ಅಂತ ಸಾಹುಕಾರ ಗದರಿದ. ಅವಳು ಸರಿದಳು. ಕೂಸು ಮತ್ತೆ ಕಣ್ಣು ಮುಚ್ಚಿತು. ಕತ್ತರಿ ಆಡಿತು.

ಕೆಲವು ವಾರ ಬಿಟ್ಟು ಸಿಂದಗಿಗೆ ಬಳಗದ ಮದುವೆಗೆಂದು ಬಂದವರು, ಅಲ್ಬಮ್ಮಿಗೆ ಫೋಟೋ ಆರಿಸಲು ನನ್ನ ಸ್ಟುಡಿಯೋಕ್ಕೆ ಬಂದರು. ಸಾಹುಕಾರ, ಸೊಸೆ, ಅವಳ ಸೊಂಟದ ಮೇಲೆ ಬೋಳುತಲೆಯ ಕೂಸು. ಸಾಹುಕಾರನ ಅಪ್ಪಣೆಯಂತೆ ಎಲ್ಲ ಫೋಟೋಗಳಲ್ಲೂ ಕೂಸನ್ನು ಬೆಳ್ಳಗೆ ಮಾಡಿಟ್ಟಿದ್ದೆ. ಅವನು ಕಂಪ್ಯೂಟರಿನ ಮುಂದೆ ಕೂತು ಮೀಸೆ ತೀಡಿದ.

"ಈಗ ನೋಡ್ರಿ, ಕಳಾ ಬಂತು!"

ಕಣ್ಣು ಮುಚ್ಚಿ, ಬಾಯಿ ತೆರೆದು ಅಳುವ ಸುಣ್ಣದ ಗೊಂಬೆ ಅದು. ಅದಕ್ಕೆ ಕಳೆ ಬಂದಿತ್ತಂತೆ. ಒಂದಾದ ಮೇಲೊಂದು ಆರಿಸುತ್ತ ಹೋದವನು ಆ ಫೋಟೋ ಬಂದಾಗ ಮುಖ ಕಿವುಚಿದ. ನಾನು ಅದೊಂದನ್ನು ಮುಟ್ಟಿರಲಿಲ್ಲ. ಕೂಸು ತನ್ನ ಬಣ್ಣದಲ್ಲೇ ಇತ್ತು, ಸುರುಳಿಗೂದಲು ಎಳೆ ಎಳೆಯಾಗಿ ಕಾಣುತ್ತಿತ್ತು. ಸೆರಗು ಹೊದ್ದ ತಲೆಯ ನೆರಳು ಕೂಸಿನ ಮುಖ ದಾಟಿ, ಸೋದರಮಾವನ ಬಿಳಿ ಅಂಗಿಯ ಮೇಲೆ ಚಾಚಿತ್ತು. ತಟ್ಟೆ ಹಿಡಿದ ಕೈಯೂ ಗೊತ್ತಾಗುತ್ತಿತ್ತು.

"ಇದು ಕೆಟ್ಟೈತಿ. ನೆರಳ ಬಿದ್ದೈತಿ. ತಗದ ಒಗೀರಿ."

"ಒಗೀಬ್ಯಾಡ್ರಿ," ಅಂದಳು ಸೊಸೆ. ಮಾವನ ಮುಂದೆ ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆ ನೆರಳ ನಂದ್ರಿ ಮಾವಾರ. ಇಷ್ಟೆಲ್ಲಾ ಫೋಟೋದಾಗ ನಾ ಇರೂದು ಅದೊಂದರಾಗ."

ಸಾಹುಕಾರ ನನ್ನ ಕಡೆ ನೋಡಿದ. ನಂಬಿಕೆಯಾಗದೆ ಮೊದಲಿನಿಂದ ಎಲ್ಲವನ್ನೂ ಮತ್ತೆ ತೋರಿಸಲು ಹೇಳಿದ. ತೋರಿಸಿದೆ. ಸೋದರತ್ತೆಯರು, ಅಳಿಯಂದಿರು, ಕ್ಷೌರದವನು ಎಲ್ಲರೂ ಇದ್ದರು, ನಿಂಬೆಹಣ್ಣಿನ ಚೀಲಕ್ಕೆ ಬಾಯಿ ಹಾಕಿದ ಆಡು ಕೂಡ ಇತ್ತು. ಹೆತ್ತವಳು ಎಲ್ಲೂ ಇರಲಿಲ್ಲ. ಅವನು ಮೀಸೆಯ ಮೇಲಿನ ಕೈ ಇಳಿಸಿದ. ಮುದುಕನಿಗೆ ಈಗಲಾದರೂ ನಾಚಿಕೆಯಾಯಿತು ಅಂದುಕೊಂಡೆ.

"ಹಂಗಾರ ಇರ್ಲಿ, ಇದನ್ನೂ ಹಾಕ್ರಿ," ಅಂದ. ಆಮೇಲೆ ಸ್ಕ್ರೀನಿಗೆ ಬೆರಳು ಚುಚ್ಚಿ, "ನೆರಳಷ್ಟ ಒಂದೀಟು ಬೆಳ್ಳಗ ಮಾಡ್ರಿ."

"ಬ್ಯಾಡ್ರಿ," ಅಂದಳು ಅವಳು. "ಇದ್ದಂಗ ಇರ್ಲಿ."

ಇದ್ದ ಹಾಗೆಯೇ ಪ್ರಿಂಟ್ ಹಾಕಿ ಕಟ್ಟು ಹಾಕಿಸಿ ಕೊಟ್ಟೆ.

ಎರಡು ವರ್ಷ ಕಳೆದು, ಈಚೆಗೆ ಅದೇ ಮನೆಗೆ ಕಿರಿಯ ಸೊಸೆಯ ಸೀಮಂತದ ಫೋಟೋಕ್ಕೆ ಹೋಗಿದ್ದೆ. ಪಡಸಾಲೆಯ ಗೋಡೆಯ ಮೇಲೆ, ಮುತ್ತಜ್ಜನ ಸಾಲಿಗೆ, ಸುಣ್ಣದ ಗೊಂಬೆಯ ದೊಡ್ಡ ಫೋಟೋ ಸೇರಿತ್ತು. ಕಣ್ಣು ಮುಚ್ಚಿದವರ ವಂಶ ಮುಂದುವರಿದಿತ್ತು. ಇನ್ನೊಂದು ಎಲ್ಲೂ ಕಾಣಲಿಲ್ಲ. ನೀರು ಕೇಳಲು ಅಡುಗೆಮನೆಯ ಬಾಗಿಲಿಗೆ ಹೋದಾಗ ಕಂಡಿತು, ಕೂಸಿನ ತಾಯಿ ಅದನ್ನು ರೊಟ್ಟಿಯ ಬುಟ್ಟಿಯ ಮೇಲುಗಡೆ ಮೊಳೆಗೆ ನೇತುಹಾಕಿದ್ದಳು. ಕೆಳಗೆ ಕೂತು ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ಹೊಸ ಕೂದಲು ನೆಟ್ಟಗೆ ಬಂದಿತ್ತು, ಒಂದೇ ಒಂದು ಸುರುಳಿಯೂ ಇರಲಿಲ್ಲ.

"ನೋಡ್ರಿ ಫೋಟೋದವರ," ಅಂದಳು, "ನಾ ಹೇಳಿದ್ದಿಲ್ಲೇನು?"

ಹೊರಗಿನಿಂದ ಸಾಹುಕಾರ ಕೂಗುತ್ತಿದ್ದ, ಬಸುರಿಯನ್ನು ಬಿಸಿಲಿಗೆ ಕೂಡಿಸಿಯಾಗಿದೆ, ಬೇಗ ಬನ್ನಿ ಅಂತ.