ತಿರುವಿನಲ್ಲಿ ಇಳಿಸಿದ ಅನ್ನ

ಪುತ್ತೂರಿನಲ್ಲಿ ನಮ್ಮ ಸುಳ್ಯದ ಬಸ್ಸಿಗೆ ಕಂಡಕ್ಟರ್ ಎರಡು ದೊಡ್ಡ ಪಾತ್ರೆ ಹತ್ತಿಸಿದ. ಮದುವೆಯೂಟದಲ್ಲಿ ಮಿಕ್ಕ ಅನ್ನ, ಸಾಂಬಾರು. ಅಕ್ಕಿಗೆ ತತ್ವಾರದ ವರ್ಷ. ಯಾರಿಗೆ ಎಂದು ಕೇಳಿದೆ.

"ಹಸಿದವರಿಗೆ ಮಾರಾಯ್ರೆ," ಎಂದರು ಪಕ್ಕದ ಸೀಟಿನ ಇಸ್ತ್ರಿ ಅಂಗಿಯ ಹಿರಿಯರು. "ಬಸ್ಸು ನಿಂತಾಗ ಎಡಕ್ಕೆ ನೋಡ್ಬೇಡಿ. ಅವರ ಮುಖ ಕಂಡ್ರೆ ನಾಚಿಕೆಯಲ್ಲಿ ಇನ್ನೊಮ್ಮೆ ಬರುದಿಲ್ಲ."

ಮನೆಯೊಂದೂ ಇಲ್ಲದ ಕಾಡಿನ ತಿರುವಿನಲ್ಲಿ ಬಸ್ಸು ನಿಂತಿತು. ಪಾತ್ರೆಗಳನ್ನು ಎಡಗಡೆ ಇಳಿಸಿದರು. ಪ್ರಯಾಣಿಕರೆಲ್ಲ ಒಟ್ಟಿಗೆ ಬಲಕ್ಕೆ ಮುಖ ತಿರುಗಿಸಿದರು. ಒಬ್ಬ ತಾಯಿ ಕೂಸಿನ ಕಣ್ಣನ್ನೂ ಸೆರಗಿನಿಂದ ಮುಚ್ಚಿದಳು. ಬಲಗಡೆಯ ಕಿಟಕಿಯ ಬಳಿಯಿದ್ದ ನಾನೂ ಹೊರಗೆ ನೋಡುತ್ತ ಕುಳಿತೆ. ಬೆನ್ನ ಹಿಂದೆ ತರಗೆಲೆಗಳ ಮೇಲೆ ಹೆಜ್ಜೆಗಳು, ಒಬ್ಬಿಬ್ಬರದಲ್ಲ, ಬಹಳ ಜನರದು. ಮಾತಿಲ್ಲ, ಕೆಮ್ಮಿಲ್ಲ. ಬಾಳೆಲೆ ಹರಿಯುವ ಸದ್ದು ಮಾತ್ರ.

ಬಸ್ಸು ಹೊರಟ ಮೇಲೆ ತಿರುಗಿದರೆ ಪಕ್ಕದ ಸೀಟು ಖಾಲಿ. ಹಿರಿಯರ ಕೊಡೆ ಮಾತ್ರ ಉಳಿದಿತ್ತು.

"ಅವರು ಸುಳ್ಯಕ್ಕೆ ಟಿಕೆಟ್ ಮಾಡಿದವರಲ್ವಾ?" ಎಂದೆ.

"ಅಲ್ಲೇ ಇಳಿದ್ರು. ನಾಚಿಕೆಯಲ್ಲಿ ಇನ್ನು ಕೊಡೆ ಕೇಳ್ಲಿಕ್ಕೂ ಬರುದಿಲ್ಲ," ಎಂದ ಕಂಡಕ್ಟರ್, ನನ್ನ ಮುಖ ನೋಡದೆ. ಅದನ್ನೆತ್ತಿ ಡ್ರೈವರನ ಹಿಂದಿನ ಕಂಬಿಗೆ ತೂಗುಹಾಕಿದ.

ಅಲ್ಲಿ ಮೊದಲೇ ಸಾಲಾಗಿ ಕೊಡೆಗಳಿದ್ದವು. ಮುಂದಿನ ತಿರುವಿನಲ್ಲಿ ಎಲ್ಲವೂ ಒಟ್ಟಿಗೆ ಎಡಕ್ಕೆ ವಾಲಿದವು.